ಗುಂಯ್‌ಗುಡುವ ಗಿಟಾರ್

ಬರೆಯುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಬರುವ ಕೆಲವು ಸಂಗತಿಗಳು ನಾನು ಹೇಳುವ ಹಾಗೆಯೇ ನಡೆದಿರಲಿಕ್ಕಿಲ್ಲ. ಗಿಟಾರ್ ನಮ್ಮ ಯರಗುಪ್ಪಿಯ ಮನೆಗೆ ಬಂದದ್ದು ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಎಂದು ನನ್ನ ನೆನಪು. ಅಪ್ಪ ಅದನ್ನು ಜೋಳದ ಚೀಲದಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಹೊದಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಎರೆಮಣ್ಣಿನ ಕೆಸರಿನಲ್ಲಿ ನಡೆದು ಬಂದದ್ದು ಕಣ್ಣಿಗೆ ಕಟ್ಟಿದಂತಿದೆ. ಅವ್ವ ಹೇಳುವುದೇ ಬೇರೆ.

"ಮಳಿ ಎಲ್ಲಿತ್ತಬೇ? ಅಗದಿ ಬ್ಯಾಸಗಿ. ನಾ ಮಾಳಗಿ ಮ್ಯಾಲೆ ಹಪ್ಪಳ ಒಣಾ ಹಾಕಿದ್ದೆ. ನಿಮ್ಮಪ್ಪಾರು ಅದನ್ನ ಹೆಗಲ ಮ್ಯಾಲೆ ಹೊತ್ಕೊಂಡು ಬರೂದ ನೋಡಿ, ಎತ್ತ ಇಲ್ಲದ ಮನಿಗೆ ನೊಗಾ ಯಾಕ ತಂದಾರ ಅನ್ಕೊಂಡೆ."

ಹಪ್ಪಳದ ಸಾಕ್ಷಿಯ ಮುಂದೆ ನನ್ನ ಕೆಸರು ನಿಲ್ಲುವುದಿಲ್ಲ. ಆದರೂ ಅಪ್ಪನ ಹಿಮ್ಮಡಿಗೆ ಅಂಟಿದ್ದ ಕರಿಮಣ್ಣು ನನಗೆ ಇವತ್ತಿಗೂ ಕಾಣುತ್ತದೆ. ಬೇರೆ ಯಾವುದೋ ಮಳೆಯ ಕೆಸರನ್ನು ತಂದು ಈ ಗಿಟಾರಿನ ಕೆಳಗೆ ಹಾಸಿಕೊಂಡಿದ್ದೇನೋ ಏನೋ.

ದಿನಚರಿ ಬರೆಯುವವಳಿಗೆ ಹೀಗಾಗಬಾರದು ಎಂದು ನೀವು ಅನ್ನಬಹುದು. ನಾನೂ ಹಾಗೇ ಅಂದುಕೊಂಡು ಆ ವರ್ಷದ ದಿನಚರಿ ತೆಗೆದು ನೋಡಿದೆ. ಆಗ ಧಾರವಾಡದಲ್ಲಿ ಎಂ.ಎ. ಓದುತ್ತ ಹಾಸ್ಟೆಲಿನಲ್ಲಿದ್ದೆ. ಪುಟಗಳ ತುಂಬ ನನ್ನದೇ ಪುರಾಣ: ಹಾಸ್ಟೆಲಿನ ಸಾರು ನೀರಾಗಿತ್ತು, ಗುರುಗಳೊಬ್ಬರು ನನ್ನ ಪ್ರಬಂಧವನ್ನು ತರಗತಿಯಲ್ಲಿ ಓದಿಸಿದರು, ಮತ್ತೆ ಸಾರು ನೀರಾಗಿತ್ತು. ಮನೆಗೆ ಗಿಟಾರ್ ಬಂದ ಸುದ್ದಿಗೆ ಒಂದು ಸಾಲೂ ಇಲ್ಲ. ಈಗ ಅಣ್ಣಿಗೇರಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಆಧಾರವಿಲ್ಲದ ಮಾತು ಬರೆಯಬೇಡಿ ಎಂದು ಉತ್ತರಪತ್ರಿಕೆಯ ಅಂಚಿನಲ್ಲಿ ಕೆಂಪು ಶಾಯಿಯಿಂದ ಗೀಚುವವಳೂ ನಾನೇ.

ಗಿಟಾರ್ ನನ್ನದಲ್ಲ, ತಂಗಿ ಸುಜಾತಾಳದು. ಹುಬ್ಬಳ್ಳಿಯ ಆರ್ಕೆಸ್ಟ್ರಾದವರೊಬ್ಬರು ವಾಪರಿಸಿ ಬಿಟ್ಟದ್ದನ್ನು ಅಪ್ಪ ಅವಳಿಗೆಂದು ತಂದಿದ್ದ. ಕಪ್ಪು ಬಣ್ಣ, ಎದೆಯ ಮೇಲೊಂದು ಬಿಳಿ ತಗಡು, ಮೂಲೆಯಲ್ಲಿ ಬಣ್ಣ ಹೋಗಿ ಮರ ಕಾಣುತ್ತಿತ್ತು. ಕರೆಂಟಿನ ಗಿಟಾರ್ ಆದ್ದರಿಂದ ಅದರ ಜೊತೆ ಒಂದು ಪುಟ್ಟ ಸ್ಪೀಕರ್ ಪೆಟ್ಟಿಗೆಯೂ ಬಂತು. ಡಿಗ್ರಿ ಓದುತ್ತಿದ್ದ ಸುಜಾತಾ ಮೊಬೈಲಿನ ವಿಡಿಯೋ ನೋಡಿಯೇ ಕಲಿತಳು. ನೆಟ್‌ವರ್ಕ್ ಸಿಗುತ್ತಿದ್ದದ್ದು ಮಾಳಿಗೆಯ ಮೇಲೆ ಮಾತ್ರ. ಏಣಿ ಹತ್ತಿ ಮೇಲೆ ನೋಡಿ, ಇಳಿದು ಬಂದು ಕೆಳಗೆ ಬಾರಿಸುವುದು, ಮರೆತರೆ ಮತ್ತೆ ಏಣಿ. "ಈಕಿ ಗಿಟಾರ ಕಲ್ಯಾಕತ್ತಾಳೋ ಏಣಿ ಹತ್ತೂದ ಕಲ್ಯಾಕತ್ತಾಳೋ" ಎಂದು ಅವ್ವ ಅನ್ನುತ್ತಿದ್ದಳು. ಆದರೆ ಬೇಗ ಕಲಿತಳು. ರಜೆಗೆ ಬಂದಾಗ ನಾನು ಕೇಳಿದ್ದೇನೆ. ನನಗೆ ಸಂಗೀತದ ಗಂಧವಿಲ್ಲ, ಆದರೂ ಅಡುಗೆಮನೆಯ ಕೆಲಸ ನಿಲ್ಲಿಸಿ ಹೊರಗೆ ಬಂದು ನಿಲ್ಲುವಂತೆ ಬಾರಿಸುತ್ತಿದ್ದಳು.

ಆಮೇಲೆ ತಂತಿಗಳು ಗುಂಯ್‌ಗುಡತೊಡಗಿದವು. ಮೀಟಿದ ಸ್ವರದ ಹಿಂದೆಯೇ ಇನ್ನೊಂದು ದನಿ, ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿಯ ಹಾಗೆ. ಸುಜಾತಾ ಬೆರಳನ್ನು ಇನ್ನೂ ಗಟ್ಟಿಯಾಗಿ ಒತ್ತಿದಳು. ತುದಿಗಳು ಗಂಟುಗಟ್ಟಿದವು, ಸೀಳಿದವು, ಅರಿಸಿನ ಹಚ್ಚಿಕೊಂಡಳು. ದನಿ ಹೋಗಲಿಲ್ಲ. ಕಡೆಗೆ "ನನ್ನ ಕೈನ ಸರಿ ಇಲ್ಲ ಅಕ್ಕಾ, ಇದು ನನ್ನ ಕೈಗೆ ಹತ್ತೂ ವಿದ್ಯಾ ಅಲ್ಲ" ಎಂದು ಚೀಲದಲ್ಲಿ ಕಟ್ಟಿಟ್ಟಳು. ಈಗ ಮಿಶ್ರಿಕೋಟಿಯಲ್ಲಿ ಸಾಲಿ ಟೀಚರ್. ಅವಳ ಮನೆಯಲ್ಲಿ ಹಾಡಿನ ದನಿ ಕೇಳಬೇಕೆಂದರೆ ಪಕ್ಕದ ಮನೆಯವರು ಟಿ.ವಿ. ಹಚ್ಚಬೇಕು.

ಅಪ್ಪ ತೀರಿಕೊಂಡ ಮೇಲೆ, ಯರಗುಪ್ಪಿಯ ಮನೆಯನ್ನು ಕಾಕಾನ ಸಂಸಾರಕ್ಕೆ ಬಿಟ್ಟು ಅವ್ವ ನನ್ನ ಜೊತೆ ಬಂದಾಗ, ಅವಳ ರೊಟ್ಟಿ ಹಂಚು, ಬೀಸುವ ಕಲ್ಲು, ಕೌದಿಗಳ ಜೊತೆ ಈ ಗಿಟಾರೂ ಬಂದು ನಮ್ಮ ಅಟ್ಟ ಸೇರಿತು. ಹೋದ ವರ್ಷ ಮನೆಗೆ ಬಣ್ಣ ಹೊಡೆಸುವಾಗ ಕೆಳಗಿಳಿಸಿ ಧೂಳು ಒರೆಸುತ್ತಿದ್ದೆ. ಅರಿವೆ ತಂತಿಗೆ ತಾಗಿತು. ಗುಂಯ್. ಅದೇ ದನಿ, ಇಷ್ಟು ವರ್ಷ ಚೀಲದಲ್ಲಿ ಕಾದು ಕೂತಿತ್ತೇನೋ ಎಂಬಂತೆ. ಇದು ಕೈಯ ದೋಷವಲ್ಲ, ವಸ್ತುವಿನ ದೋಷ ಎಂದು ಆಗ ಮೊದಲ ಬಾರಿ ಹೊಳೆಯಿತು. ಧೂಳೊರೆಸುವ ಅರಿವೆಗೆ ಕಲಿಯದ ಕೈ ಎಲ್ಲಿಂದ ಬರಬೇಕು? ಈ ಗುಂಯ್ ಎಲ್ಲಿಂದ ಹುಟ್ಟುತ್ತದೆ ಎಂದು ಹಿಡಿದು ಸರಿಮಾಡಿಬಿಟ್ಟರೆ ಸುಜಾತಾ ಮತ್ತೆ ಬಾರಿಸಿಯಾಳು ಎಂಬ ಆಸೆ ಆ ಕ್ಷಣಕ್ಕೆ ಹೊಕ್ಕದ್ದು, ಬಿಡಲೇ ಇಲ್ಲ.

ಸ್ಕ್ರೂಡ್ರೈವರ್ ಹಿಡಿದರೆ ಯಾವ ಕಡೆ ತಿರುಗಿಸಿದರೆ ಬಿಗಿ, ಯಾವ ಕಡೆ ಸಡಿಲ ಎಂದು ಇವತ್ತಿಗೂ ಗಡಿಯಾರದ ಮುಳ್ಳು ನೆನೆದು ಲೆಕ್ಕ ಹಾಕುವವಳು ನಾನು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನ ಮಗಳು ಎಂದರೆ ಯಾರೂ ನಂಬುವುದಿಲ್ಲ. ಅಪ್ಪ ಅದಕ್ಕೆ ತದ್ವಿರುದ್ಧ. ಅವನಿಗೆ ಒಂದು ವಿಚಿತ್ರ ನಂಬಿಕೆಯಿತ್ತು: ಹೊಸ ಸಾಮಾನು ಎಂದರೆ ಅರ್ಧ ಮಾಡಿದ ಸಾಮಾನು. "ಅಂಗಡ್ಯಾಂವ ಮಾರಾಕ ಅಂತ ಮಾಡಿರ್ತಾನ. ವಾಪರ್ಸಾಕ ಅಂತ ನಾವ ಮಾಡ್ಕೋಬೇಕು" ಎನ್ನುತ್ತಿದ್ದ. ಹೊಸ ಕಸಬರಿಗೆ ಬಂದರೆ ತುದಿ ಕತ್ತರಿಸಬೇಕು. ಹೊಸ ಕೊಡೆಯ ಕಡ್ಡಿಗಳಿಗೆ ಮತ್ತೊಮ್ಮೆ ಹೊಲಿಗೆ ಬೀಳಬೇಕು. ಹೊಸ ಚಪ್ಪಲಿ ನಾವು ಮೆಟ್ಟುವ ಮೊದಲು ಅವನ ಮೊಳೆ ತಿನ್ನಬೇಕು. ನಾನು ಎಂ.ಎ. ಸೇರಿದಾಗ ಮಾವ ಕೊಟ್ಟ ಇಂಕಿನ ಪೆನ್ನಿನ ನಿಬ್ಬನ್ನೂ ಬಚ್ಚಲ ಕಲ್ಲಿಗೆ ಒಂದಿಷ್ಟು ಉಜ್ಜಿ, "ಈಗ ಬರಿ, ಹೆಂಗ ಹರೀತೈತಿ ನೋಡು" ಎಂದ. ಹರಿಯಿತು. ಹಾಳೆಯ ಮೇಲೆ, ಬೆರಳ ಮೇಲೆ, ಹೊಸ ಚೂಡಿದಾರದ ಮೇಲೆ. ನಾನು ಅಳುತ್ತಿದ್ದರೆ ಅಪ್ಪ ಬೆರಗಿನಿಂದ ನಿಬ್ಬನ್ನೇ ನೋಡುತ್ತ, "ಅಂದ್ರ ತಡಾ ಇಲ್ಲದ ಬರೂ ಹಂಗಾತಲ್ಲ!" ಎಂದಿದ್ದ.

ಗಿಟಾರಿಗೆ ಬರುತ್ತೇನೆ. ಮೊದಲು ನಾನು ಮತ್ತು ಅವ್ವ ಕೂಡಿ ಅಪರಾಧ ಹೊರಿಸಿದ್ದು ಕರೆಂಟಿನ ಮೇಲೆ. ಸ್ಪೀಕರ್ ಪೆಟ್ಟಿಗೆ ಹಚ್ಚಿದ ಕೂಡಲೇ ಅದರದೇ ಒಂದು ಹೂಂಕಾರ ಇರುತ್ತದೆ. "ಅರ್ಥಿಂಗ್ ಇಲ್ಲಬೇ, ನಮ್ಮ ಮಿಕ್ಸರಿಗೂ ಹಿಂಗ ಆಗಿತ್ತು" ಎಂದಳು ಅವ್ವ. ವಯರು ಕಿತ್ತು ಮೀಟಿ ನೋಡಿದೆ. ಕರೆಂಟಿಲ್ಲದೆಯೂ ಗುಂಯ್. ಕರೆಂಟಿನದು ಒಂದು ದನಿ, ತಂತಿಯದು ಇನ್ನೊಂದು ಎಂದು ತಿಳಿದದ್ದೇ ನನ್ನ ಮೊದಲ ಸಂಶೋಧನೆ.

ಆಮೇಲೆ ನಾನೂ ಮೊಬೈಲಿನ ವಿಡಿಯೋಗಳ ಮುಂದೆ ಕೂತೆ, ಸುಜಾತಾ ಕೂತ ಹಾಗೆ, ಆದರೆ ಏಣಿಯ ಕಷ್ಟವಿಲ್ಲದೆ. ಹಳೇ ತಂತಿ ತುಕ್ಕು ಹಿಡಿದರೂ ಹೀಗಾಗುತ್ತದೆ, ಮೊದಲು ತಂತಿ ಬದಲಿಸಿ ಎಂದರು. ಹುಬ್ಬಳ್ಳಿಗೆ ಹೋದಾಗ ಹೊಸ ತಂತಿ ತಂದೆ. ಹಳೆಯದನ್ನು ಬಿಚ್ಚಿದಾಗ ಗಿಟಾರಿನ ತಲೆಯ ಬಳಿಯಿಂದ ಎಣ್ಣೆಜಿಡ್ಡಿನ ಕರಿ ಎಳೆಗಳು ಒಂದಿಷ್ಟು ಉದುರಿದವು. ಜೇಡರ ಬಲೆ, ಕಸ ಎಂದು ತಂತಿಯ ಜೊತೆ ಗುಡಿಸಿ ಹೊರಗೆ ಹಾಕಿದೆ. ಮುಂಜಾನೆ ಕಸದ ಗಾಡಿ ಬಂದು ಒಯ್ದಿತು. ಹೊಸ ತಂತಿ ಕಟ್ಟಿ ಮೀಟಿದರೆ, ಗುಂಯ್.

ಮುಂದಿನ ಆರೋಪಿ ಗಿಟಾರಿನ ಕತ್ತು. ಬೆರಳು ಓಡಾಡುವ ಆ ಉದ್ದನೆಯ ಮರದ ಹೊಟ್ಟೆಯೊಳಗೆ ಒಂದು ಕಬ್ಬಿಣದ ಸಲಾಕೆ ಇರುತ್ತದಂತೆ. ಕತ್ತು ತುಸು ಒಳಬಾಗಿರಬೇಕು, ತೀರ ನೆಟ್ಟಗಾದರೆ ತಂತಿಗಳು ಅದರ ಮೇಲಿನ ಅಡ್ಡಪಟ್ಟಿಗಳಿಗೆ ಬಡಿಯುತ್ತವೆ, ಕೀಲಿಯಿಂದ ಸಲಾಕೆಯನ್ನು ಕೊಂಚವೇ ಸಡಿಲಿಸಬೇಕು. ನಾನು ಗಡಿಯಾರದ ಮುಳ್ಳು ನೆನೆದು, ಲೆಕ್ಕ ಹಾಕಿ, ಬರೋಬ್ಬರಿ ತಿರುವುಮುರುವಾಗಿ ಬಿಗಿ ಮಾಡಿದೆ. ಅಲ್ಲಿಯವರೆಗೆ ಕೆಲವು ಕಡೆ ಗುಂಯ್ ಎನ್ನುತ್ತಿದ್ದದ್ದು ಈಗ ಎಲ್ಲಿ ಮುಟ್ಟಿದರೂ ಗುಂಯ್ ಎಂದಿತು. "ಮೊದಲ ಒಂದ ದುಂಬಿ ಇತ್ತು. ಈಗ ಅದರ ಸಂಸಾರ ಬಂದೈತಿ" ಎಂದಳು ಅವ್ವ, ಶೇಂಗಾ ಸುಲಿಯುತ್ತ. ಮತ್ತೆ ಹಿಂದಕ್ಕೆ ತಿರುಗಿಸಿ ಇದ್ದಲ್ಲಿಗೆ ತಂದೆ. ಆಮೇಲೆ ಕೆಳಗೆ ತಂತಿಗಳನ್ನು ಹೊತ್ತ ಲೋಹದ ಕುದುರೆಗಳನ್ನು ಎತ್ತರಿಸಿದೆ. ತಂತಿ ಎಷ್ಟು ಮೇಲೆ ಹೋಯಿತೆಂದರೆ ಒತ್ತಲು ಹೆಬ್ಬೆರಳಿನ ಬುಡ ನೋಯಿತು. ಆದರೂ ತಂತಿಯನ್ನು ಎಲ್ಲೂ ಒತ್ತದೆ ಸುಮ್ಮನೆ ಮೀಟಿದರೆ ಗುಂಯ್.

ಒಂದು ಭಾನುವಾರ ಮಧ್ಯಾಹ್ನ ಆಕಸ್ಮಿಕವಾಗಿ ಸುಳಿವು ಸಿಕ್ಕಿತು. ತಲೆಯ ಸಮೀಪ, ಮೊದಲ ಅಡ್ಡಪಟ್ಟಿಯ ಹಿಂದಿನ ಮನೆಯಲ್ಲಿ ಬೆರಳಿಟ್ಟು ಮೀಟಿದರೆ ದನಿ ಸ್ವಚ್ಛ. ಬೆರಳು ತೆಗೆದರೆ ಗುಂಯ್. ಅಂದರೆ ತೆರೆದ ತಂತಿಗೆ ಮಾತ್ರ ರೋಗ. ಅದೂ ದಪ್ಪ ತಂತಿಗಳು ನಾಲ್ಕಕ್ಕೆ. ಕೆಳಗಿನ ಸಣ್ಣವೆರಡು ಸುಮ್ಮನಿದ್ದವು, ಯಾಕೋ ತಿಳಿಯಲಿಲ್ಲ. ಬೆರಳು ಇಟ್ಟ ಕೂಡಲೇ ಲೆಕ್ಕದಿಂದ ಹೊರಗಾಗುವ ಜಾಗ ಒಂದೇ: ತಲೆಯ ಬುಡದಲ್ಲಿ ತಂತಿಗಳು ಕೂರುವ, ಬೆರಳಗಲದ ಬಿಳಿ ಪಟ್ಟಿ. ಅದರಲ್ಲಿ ತಂತಿಗೊಂದರಂತೆ ಸಣ್ಣ ಗಾಡಿಜಾಡುಗಳಿರುತ್ತವೆ. ಕನ್ನಡಕ ಏರಿಸಿ ನೋಡಿದೆ. ಜಾಡುಗಳು ಆಳವಾಗಿ ಸವೆದಿದ್ದವು. ಸವೆದದ್ದಲ್ಲ, ಸವೆಸಿದ್ದು. ತಳ ಅಗಲವಾಗಿ, ಚಪ್ಪಟೆಯಾಗಿ, ನುಣ್ಣಗೆ, ಪ್ರೀತಿಯಿಂದ ತಿಕ್ಕಿದ ಹಾಗಿತ್ತು.

"ಅವ್ವಾ, ಇದನ್ನ ಯಾರೋ ಕೆಡಿಸ್ಯಾರ ನೋಡು. ಮೊದಲಿನ ಮಾಲಕ ಇರಬೇಕು."

ಅವ್ವ ಕಾಳು ಆರಿಸುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. "ಆ ಬಿಳೀದನ್ನ? ಅದನ್ನ ನಿಮ್ಮಪ್ಪಾರು ತಿಕ್ಕಿದ್ರಲ್ಲ."

ಇಲ್ಲಿ ತಂಬೂರಿಯ ವಿಷಯ ಹೇಳದಿದ್ದರೆ ನಿಮಗೆ ಅಪ್ಪ ಹುಚ್ಚನ ಹಾಗೆ ಕಂಡಾನು. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ತಂಬೂರಿ ಇತ್ತು. ಅಜ್ಜ ಬೌದ್ಧ ದೀಕ್ಷೆ ತೆಗೆದುಕೊಂಡಾಗ ಗೋಡೆಯ ಮೇಲಿನ ದೇವರ ಪಟಗಳನ್ನೆಲ್ಲ ಇಳಿಸಿದನಂತೆ, ತಂಬೂರಿಯನ್ನು ಮಾತ್ರ ಇಳಿಸಲಿಲ್ಲ. "ದೇವರ ಬ್ಯಾಡ ಅಂದೀನಿ, ದನಿ ಬ್ಯಾಡ ಅಂದಿಲ್ಲ" ಎಂದನಂತೆ. ಇದೂ ನಾನು ಕೇಳಿದ ಮಾತು, ಅಜ್ಜ ನಿಜಕ್ಕೂ ಅಂದನೋ ಅಪ್ಪ ಸೇರಿಸಿದನೋ ಗೊತ್ತಿಲ್ಲ. ಓಣಿಯವರು ಕೂಡಿ ಪದ ಹಾಡಲು ಕೂತರೆ ಅಪ್ಪನ ಕೈಯಲ್ಲಿ ತಂಬೂರಿ. ಹಾಡುವ ಮೊದಲು ಅದಕ್ಕೆ ಜವಾರಿ, ಅಂದರೆ ಝೇಂಕಾರ, ತೆಗೆಯುವ ಕೆಲಸ ಇರುತ್ತಿತ್ತು. ತಂಬೂರಿಯ ಕುದುರೆ ಅಗಲ, ಚಪ್ಪಟೆ. ತಂತಿ ಅದರ ಮೈಗೆ ಸವರಿಕೊಂಡು ಕಂಪಿಸಬೇಕು. ತಂತಿಗೂ ಕುದುರೆಗೂ ನಡುವೆ ಒಂದು ನೂಲಿನೆಳೆ ಸಿಕ್ಕಿಸಿ, ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ತಟ್ಟನೆ ಆ ಝೇಂಕಾರ ಏಳುತ್ತದೆ. ಅದಿಲ್ಲದ ತಂಬೂರಿಯನ್ನು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಅಪ್ಪ ಬುರುಡೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದನೆಂದರೆ ನಾವು ಉಸಿರೂ ಬಿಡುವ ಹಾಗಿರಲಿಲ್ಲ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದರೆ, "ಏ, ಒಂದೀಟ ನಿಲ್ಲಸs" ಎಂದು ಕೂಗುತ್ತಿದ್ದ. "ರೊಟ್ಟಿ ಬೇಕೋ ತಂಬೂರಿ ಬೇಕೋ, ಒಂದ ಹೇಳ್ರಿ" ಎಂದು ಅವ್ವ. ಎರಡೂ ಬೇಕಾಗಿದ್ದ ಅಪ್ಪ ಮತ್ತೆ ಬುರುಡೆಗೆ ಕಿವಿ ಹಚ್ಚುತ್ತಿದ್ದ.

ಅಂಥವನ ಕಿವಿಗೆ ಗಿಟಾರಿನ ಬೋಳು ಸ್ವರ ಹೇಗೆ ಕೇಳಿರಬೇಕು? ಅವ್ವ ಹೇಳಿದಳು.

"ಸುಜಿ ಬಾರಸೂದ ಕೇಳಿ, ಪಾಪ, ಕೂಸಿಗೆ ಸತ್ತ ದನಿ ತಂದುಕೊಟ್ಟೀನಿ ಅಂತ ಮರಮರ ಮರಗತಿದ್ರು. ಒಂದಿನ ಆಕಿ ಕಾಲೇಜಿಗೆ ಹೋದಾಗ ಕಟ್ಟಿ ಮ್ಯಾಲೆ ಕುಂತು, ಪಾಲಿಶ್ ಕಾಗದ ಮಡಿಚಿ ಮಡಿಚಿ ತಿಕ್ಕಿದ್ರು. ತಂತಿ ಕೆಳಗ ದಾರಾನೂ ಇಟ್ರು. ಆಕಿಗೆ ಹೇಳಬ್ಯಾಡ, ಬಾರಿಸಿದಾಗ ತಾನ ತಿಳಕೋತಾಳ ಅಂದ್ರು. ಅವತ್ತ ಎಷ್ಟ ಖುಷಿ ಇದ್ರು ಅಂತೀ!"

"ಇಷ್ಟ ವರ್ಷ ನೀ ಯಾಕ ಹೇಳಲಿಲ್ಲ?"

"ನನ್ನ ಯಾರ ಕೇಳಿದ್ರಿ?" ಅವ್ವ ಈಗ ತಲೆ ಎತ್ತಿದಳು. "ತಂಬೂರಿ ಗುಂಯ್ ಅಂದ್ರ ಛಲೋ, ಗಿಟಾರ ಗುಂಯ್ ಅಂದ್ರ ಕೆಟ್ಟದ್ದು ಅಂತ ನನಗ ಯಾರರ ಹೇಳಿದ್ರೇನು? ಆಕಿಗೆ ಬ್ಯಾಸರಾತು, ಬಿಟ್ಲು ಅನ್ಕೊಂಡೆ."

ಕಸದ ಗಾಡಿಗೆ ಹೋದ ಆ ಕರಿ ಎಳೆಗಳು ಆಗ ನನಗೆ ನೆನಪಾದವು. ಜೇಡರ ಬಲೆಯಲ್ಲ, ಅಪ್ಪನ ದಾರ. "ಕರೀ ದಾರಾ ಏನವ್ವಾ?" ಎಂದು ಕೇಳಿದೆ. "ಕರೀದಲ್ಲ, ಹಳದಿ. ನನ್ನ ರೇಶಿಮಿ ಸೀರಿ ಸೆರಗಿಂದ ಎಳದು ಕೊಟ್ಟಿದ್ದೆ" ಎಂದಳು. ಇಲ್ಲೊಂದು ಪೇಚಿದೆ. ಅವ್ವ ಹೇಳಿದ ಮೇಲೆ ಅಪ್ಪ ಕಟ್ಟೆಯ ಮೇಲೆ ಕೂತು, ನಾಲಿಗೆಯ ತುದಿ ಹೊರಗೆ ಹಾಕಿ, ಬಿಳಿ ಪಟ್ಟಿ ತಿಕ್ಕುತ್ತಿರುವ ಚಿತ್ರ ನನಗೆ ಸ್ಪಷ್ಟವಾಗಿ ಕಾಣತೊಡಗಿದೆ, ಮೊಳಕಾಲ ಮೇಲೆ ಬಿಳಿ ಪುಡಿ ಸಮೇತ. ನಾನು ಆಗ ಧಾರವಾಡದಲ್ಲಿದ್ದೆ. ನೋಡಿರಲು ಸಾಧ್ಯವೇ ಇಲ್ಲ. ಆದರೂ ನಾಳೆ ಯಾರಾದರೂ ಕೇಳಿದರೆ ನೋಡಿದ್ದೇನೆ ಎಂದೇ ಪ್ರಮಾಣ ಮಾಡಿಯೇನು.

ನಾನು ನಿಜಕ್ಕೂ ನೋಡಿದ್ದು ಬುದ್ಧ ಪೂರ್ಣಿಮೆಯ ಸಂಜೆಯನ್ನು. ಅದಕ್ಕಾಗಿಯೇ ಹಾಸ್ಟೆಲಿನಿಂದ ಬಂದಿದ್ದೆ. ವಿಹಾರದ ಮುಂದೆ ಚಾಪೆ ಹಾಸಿದ್ದರು. ಸುಜಾತಾ ಬಿಳಿ ಸೀರೆ ಉಟ್ಟಿದ್ದಳು. ಎಡಕ್ಕೆ ಪೇಟಿ, ಬಲಕ್ಕೆ ಢೋಲಕ್, ನಡುವೆ ಇವಳ ಕರಿ ಗಿಟಾರ್. ನಮ್ಮ ಓಣಿಯಲ್ಲಿ ಹೆಣ್ಣುಮಗಳೊಬ್ಬಳು ಗಿಟಾರ್ ಹಿಡಿದು ಕೂತದ್ದು ಅದೇ ಮೊದಲು, ಊರವರೆಲ್ಲ ಬಂದಿದ್ದರು. ಹಾಡು ಶುರುವಾಯಿತು, ಸ್ಪೀಕರಿನಿಂದ ಗುಂಯ್ ಹೊರಟಿತು. ಮನೆಯಲ್ಲಿ ಡಬ್ಬಿಯ ದುಂಬಿಯಂತಿದ್ದದ್ದು ಅಲ್ಲಿ ಬೀಸುವ ಗಿರಣಿಯಂತಾಯಿತು. ಮೈಕ್‌ಸೆಟ್ಟಿನವನು ವಯರು ಹಿಂಡಿ, ತಿರುವಿ, ಕಡೆಗೆ ಎಲ್ಲರಿಗೂ ಕೇಳುವಂತೆ ಹೇಳಿದ: "ನಂದೇನಿಲ್ರೀ, ಎಲ್ಲಾ ಬರೋಬ್ಬರಿ ಐತಿ. ತಂಗೀ, ಒಳಗ ಜೀರುಂಡಿ ಹೊಕ್ಕೈತೇನ ನೋಡವಾ!" ಚಾಪೆಯ ತುಂಬ ನಗೆ ಹಬ್ಬಿತು. ಕೆಟ್ಟ ನಗೆಯಲ್ಲ, ಹಬ್ಬದ ದಿನದ ನಗೆ. ಸುಜಾತಾ ಹಾಡು ನಿಲ್ಲಿಸಲಿಲ್ಲ. ತಲೆ ಬಗ್ಗಿಸಿ ಕಡೆಯವರೆಗೂ ಬಾರಿಸಿದಳು. ಎಲ್ಲರ ನಡುವೆ ಅಪ್ಪ ಒಬ್ಬನೇ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಮಗಳ ಮರ್ಯಾದೆ ಉಳಿಸಲು ಹಾಗೆ ಮಾಡುತ್ತಿದ್ದಾನೆ ಎಂದು ನಾನು ಅಂದುಕೊಂಡೆ.

ಮನೆಗೆ ಬರುವ ದಾರಿಯಲ್ಲಿ ಅಪ್ಪ ಸುಜಾತಾಳನ್ನು ಕೇಳಿದ: "ಹೆಂಗ ಬಂತ ತಂಗೀ ದನಿ?"

"ಛಲೋ ಬಂತಪಾ."

"ತುಂಬಿ ಬಂತು. ನಾ ಕೇಳಿದೆ."

ಅದಾದ ಮೇಲೆ ಅವಳು ಬಾರಿಸಿದ್ದನ್ನು ನಾನು ಕೇಳಿಲ್ಲ. ಪರೀಕ್ಷೆ ಎಂದಳು, ಬಿ.ಎಡ್. ಎಂದಳು, ಮದುವೆಯಾಯಿತು. ಅಪ್ಪ ಮನೆಗೆ ಬಂದವರ ಮುಂದೆ ಬಹಳ ವರ್ಷ ಹೇಳುತ್ತಿದ್ದ: "ನಮ್ಮ ಸಣ್ಣಾಕಿ ಗಿಟಾರ ಬಾರಸ್ತಿದ್ಲ್ರೀ, ತಂಬೂರಿ ಆದಂಗ ಆಗತಿತ್ತು. ಯಾಕೋ ಬಿಟ್ಲು, ಆಕಿಗೆ ಹುಕಿ ಇಲ್ಲ." ಪಕ್ಕದಲ್ಲೇ ಚಹಾದ ಕಪ್ಪು ಹಿಡಿದು ನಿಂತ ಸುಜಾತಾ ನಗುತ್ತಿದ್ದಳು. ಅಪ್ಪ ಅದೇ ನಂಬಿಕೆಯಲ್ಲಿ ತೀರಿಕೊಂಡ. ಹೇಳಬಲ್ಲವರು ಮನೆಯಲ್ಲೇ ಇದ್ದೆವು. ಅವ್ವನಿಗೆ ತಿಕ್ಕಿದ್ದು ಗೊತ್ತು, ಕೆಟ್ಟದ್ದು ಗೊತ್ತಿಲ್ಲ. ನನಗೆ ಕೆಟ್ಟದ್ದು ಗೊತ್ತು, ತಿಕ್ಕಿದ್ದು ಗೊತ್ತಿಲ್ಲ. ಒಂದೇ ತಾಟಿನಲ್ಲಿ ಉಂಡ ನಾವು ಈ ಎರಡನ್ನು ಒಮ್ಮೆಯೂ ಕೂಡಿಸಲಿಲ್ಲ.

ಸರಿಮಾಡುವುದು ಕಷ್ಟವಿರಲಿಲ್ಲ, ಅದೇ ಹೆಚ್ಚು ನೋಯಿಸಿತು. ಆಳವಾದ ಜಾಡಿಗೆ ಅಡುಗೆ ಸೋಡಾ ತುಂಬಿ, ಮೇಲೆ ಒಂದು ಹನಿ ಗಟ್ಟಿ ಅಂಟು ಬಿಟ್ಟರೆ ಕಲ್ಲಿನಂತಾಗುತ್ತದೆ, ಆಮೇಲೆ ಬೇಕಾದಷ್ಟೇ ಕೊರೆದುಕೊಳ್ಳಬಹುದು. ನಾನು ಸೋಡಾದ ಡಬ್ಬಿ ಒಯ್ಯುವುದನ್ನು ಕಂಡು ಅವ್ವ, "ಗಿಟಾರದ ಭಜಿ ಕರೀತೀಯೇನಬೇ?" ಎಂದಳು. ಇಷ್ಟೇ. ಭಜಿಗೆ ಹಾಕುವ ಒಂದು ಚಿಟಿಕೆ ಸೋಡಾ. ಇದನ್ನು ಆಗಲೇ ಮಾಡಿದ್ದರೆ ಎಂದು ಯೋಚಿಸುತ್ತ ತಂತಿ ಸಡಿಲಿಸಿದೆ.

ದಪ್ಪ ತಂತಿಗಳ ಜಾಡು ಸ್ವಚ್ಛ ಮಾಡಿ ಸಣ್ಣವೆರಡರ ಹತ್ತಿರ ಬಂದಾಗ ಗುಂಡುಪಿನ್ನಿಗೆ ಏನೋ ತಡೆಯಿತು. ಮೆಲ್ಲಗೆ ಎಬ್ಬಿಸಿದೆ. ಚಾಕಲೇಟು ಸುತ್ತಿ ಬರುವ ಬೆಳ್ಳಿ ಕಾಗದ. ಎಳ್ಳಿನಷ್ಟು ಸಣ್ಣದಾಗಿ ಮಡಿಚಿ ಜಾಡಿನ ತಳಕ್ಕೆ ಕೂರಿಸಿದ್ದರು. ಎರಡರಲ್ಲೂ. ಸಣ್ಣ ತಂತಿಗಳು ಯಾಕೆ ಸುಮ್ಮನಿದ್ದವು ಎಂದು ಆಗ ತಿಳಿಯಿತು. ಯಾರೋ ಈ ರೋಗವನ್ನು ನನಗಿಂತ ಬಹಳ ಮೊದಲೇ ಹಿಡಿದಿದ್ದರು. ದಾರ ತೆಗೆದು, ಬೆಳ್ಳಿ ಕಾಗದ ಇಟ್ಟು, ತಂತಿ ಎತ್ತರಿಸಿದ್ದರು: ಬೆಳ್ಳಿ ಕಾಗದದ ಉಪಾಯವನ್ನು ವಿಡಿಯೋಗಳಲ್ಲೂ ಹೇಳುತ್ತಾರೆ. ಎರಡಕ್ಕೆ ಮಾಡಿ ಉಳಿದ ನಾಲ್ಕನ್ನು ಹಾಗೇ ಬಿಟ್ಟಿದ್ದರು. ಅಪ್ಪ ಇದನ್ನು ಮಾಡುವವನಲ್ಲ, ಅವ್ವನ ಕಣ್ಣಿಗೆ ಇಷ್ಟು ಸಣ್ಣದು ಕಾಣದು.

ಬಿ.ಎಡ್. ಓದುವಾಗ ಸುಜಾತಾಳ ಪರ್ಸಿನಲ್ಲಿ ಸದಾ ಚಾಕಲೇಟು ಇರುತ್ತಿತ್ತು ಎಂದು ನನಗೆ ನೆನಪು. ಈ ನೆನಪು ಮೊದಲಿನಿಂದ ಇತ್ತೋ, ಬೆಳ್ಳಿ ಕಾಗದ ಕಂಡ ಮೇಲೆ ಹುಟ್ಟಿತೋ, ಹೇಳಲಾರೆ.

ಎಲ್ಲ ಜಾಡುಗಳನ್ನೂ ತುಂಬಿಸಿ, ಕೊರೆದು, ತಂತಿ ಕಟ್ಟಿದೆ. ದನಿ ಸ್ವಚ್ಛವಾಯಿತು. ಮುಂದಿನ ಭಾನುವಾರ ಅವ್ವನನ್ನು ನೋಡಲು ಸುಜಾತಾ ಬಂದಳು. ಗಂಡ ಬೈಕಿನಲ್ಲಿ ಬಿಟ್ಟು ಪೇಟೆಯ ಕಡೆ ಹೋದ. ಗಿಟಾರನ್ನು ಕುರ್ಚಿಯ ಮೇಲೆ ಕಾಣುವಂತೆ ಇಟ್ಟಿದ್ದೆ.

"ಇದನ್ನ ಯಾಕ ಇಳಿಸಿದಿ ಅಕ್ಕಾ? ಅವ್ವಗ ಅರವಿ ಒಣಾ ಹಾಕಾಕ ಗಳಾ ಬೇಕಾಗಿತ್ತೇನು?"

"ಸುಮ್ಮನ ಬಾರಿಸಿ ನೋಡs."

"ಎಲ್ಲೀದ ತಗೀತಿ? ಬೋರ್ಡಿನ ಮ್ಯಾಲೆ ಬರಿಯಾಕ ಖಡು ಹಿಡಿಯೂದ ಬಿಟ್ರ ಈ ಕೈಗೆ ಈಗ ಏನೂ ಬರೂದಿಲ್ಲ."

ಹಾಗೆನ್ನುತ್ತಲೇ ಎತ್ತಿಕೊಂಡಳು. ಎಡಗೈ ತಾನಾಗಿ ಹೋಗಿ ತನ್ನ ಜಾಗದಲ್ಲಿ ಕೂತಿತು. ಬೆರಳು ಒತ್ತದೆ, ತೆರೆದ ತಂತಿಗಳನ್ನು ಮೇಲಿನಿಂದ ಕೆಳಗೆ ಒಮ್ಮೆ ಎಳೆದಳು. ಆರೂ ಸ್ವಚ್ಛ. ಇನ್ನೊಮ್ಮೆ ಎಳೆದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಇಷ್ಟು ದಿನ ಕಾದದ್ದು ಆ ಮುಖಕ್ಕಾಗಿಯೇ. ಅಲ್ಲಿ ಖುಷಿ ಬರಲಿಲ್ಲ. ಬಿಳಿ ಪಟ್ಟಿಯ ಮೇಲೆ ಉಗುರು ಆಡಿಸಿದಳು, ನನ್ನ ಸೋಡಾದ ಒರಟು ತೇಪೆಗಳನ್ನು ಒಂದೊಂದಾಗಿ ಮುಟ್ಟಿದಳು.

"ದಾರ ಎಲ್ಲೈತಿ?"

"ಯಾವ ದಾರ?" ಎಂದೆ, ಗೊತ್ತಿದ್ದೂ.

"ಅಪ್ಪಂದು."

ಗುಡಿಸಿಬಿಟ್ಟೆ ಎಂದು ಹೇಳಿದೆ. ಕಸ ಅನ್ಕೊಂಡೆ ಎಂದೆ. ಬೆಳ್ಳಿ ಕಾಗದ ಎತ್ತಿಟ್ಟೀನಿ, ಬೇಕೇನು ಎಂದೂ ಕೇಳಿದೆ, ಎಂಥ ಮಾತು! ಅವಳು "ಹೌದಾ" ಎಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳ ಹೆಬ್ಬೆರಳು ಕೆಳಗಿನಿಂದ ಮೂರನೆಯ ತಂತಿಯ ಮೇಲೆ ನಿಂತಿತ್ತು, ಬೆಳ್ಳಿ ಕಾಗದದ ಕೆಲಸ ನಿಂತುಹೋಗಿದ್ದ ಜಾಗದಲ್ಲಿ. ಆಗ ಕೇಳಿದೆ. ಕೇಳಬಾರದಿತ್ತೋ ಏನೋ. ಒಳಗಿನಿಂದ ಅವ್ವ, "ಚಾ ಆರಾಕತ್ತೈತಿ, ಬರ್ತೀರೋ ಇಲ್ಲೋ" ಎಂದಳು. ಸುಜಾತಾ ಗಿಟಾರನ್ನು ಕುರ್ಚಿಗೆ ಒರಗಿಸಿ ಎದ್ದು ಒಳಗೆ ಹೋದಳು. ಸಂಜೆ ಬೈಕು ಹತ್ತುವಾಗ ಅದನ್ನು ಒಯ್ಯಲಿಲ್ಲ.

ಈಗಲೂ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. ಅವಳ ಅತ್ತೆಯ ಮೊಣಕಾಲು, ಸಾಲಿಯ ಮಕ್ಕಳ ಬಿಸಿಯೂಟ, ಅವ್ವನ ಬಿ.ಪಿ. ಮಾತು ಮುಗಿದ ಮೇಲೆ ಇಬ್ಬರೂ ಒಂದು ಕ್ಷಣ ಫೋನು ಇಡುವುದಿಲ್ಲ. ಅವಳು ಹೇಳುತ್ತಾಳೆ ಎಂದು ನಾನು ಕಾಯುತ್ತೇನೆ. ನಾನು ಮತ್ತೆ ಕೇಳುತ್ತೇನೆ ಎಂದು ಅವಳು ಕಾಯುತ್ತಾಳೋ, ಹೆದರುತ್ತಾಳೋ. ನಾನು ಅವತ್ತು ಕೇಳಿದ್ದು ಇಷ್ಟೇ, ಇದರಲ್ಲಿ ಮಾತ್ರ ಒಂದಕ್ಷರವೂ ತಪ್ಪಿಲ್ಲ:

"ಎರಡ ತಂತಿಗೆ ಮಾಡಿ ನಿಲ್ಲಿಸಿದಿಯಲ್ಲ ಸುಜಿ, ಅವತ್ತ ಅಪ್ಪ ಬಂದು ನೋಡಿದ್ನೇನು?"